ಹಾಸಿಗೆಯವನ ಮಗಳ ಹಾಸಿಗೆ

ನಿದ್ದೆ ಮಾಡುವುದನ್ನೇ ಕೆಲಸ ಮಾಡಿಕೊಂಡ ಹುಡುಗಿ ಈ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ಅಪ್ಪ ಹತ್ತಿಯ ಹಾಸಿಗೆ ಹೊಲಿಯುವವನು. ಹೊಲಿದದ್ದರ ಮೇಲೆ ಮನೆಯವರು ಒಂದು ರಾತ್ರಿ ಮಲಗಿ ನೋಡದೆ ಗಿರಾಕಿಗೆ ಕೊಡುವ ಪದ್ಧತಿ ಅವನ ಅಂಗಡಿಯಲ್ಲಿಲ್ಲ. ಅಪ್ಪನಿಗೋ ಕಲ್ಲಿನ ಮೇಲೂ ನಿದ್ದೆ ಬರುತ್ತದೆ. ಅಮ್ಮನಿಗೆ ಎಲ್ಲಿ ಮಲಗಿದರೂ ಸೊಂಟನೋವು. ಹಾಗಾಗಿ ಆ ಹೊಣೆ ಮಗಳ ಬೆನ್ನಿಗೇ ಬಿದ್ದಿತ್ತು. ಬೆಳಿಗ್ಗೆ ಅವಳು ಕಣ್ಣುಜ್ಜಿಕೊಳ್ಳುತ್ತ, "ಎಡಗಡೆ ಭುಜದ ಹತ್ರ ಗಂಟಿದೆ" ಎಂದರೆ ಸಾಕು, ಅಪ್ಪ ಮರುಮಾತಿಲ್ಲದೆ ಹೊಲಿಗೆ ಬಿಚ್ಚುತ್ತಿದ್ದ. ಓಣಿಯವರಿಗೆಲ್ಲ ಅವಳು ನಿದ್ದೆಬುರುಕಿ. ಅದಕ್ಕೆ ಅವಳು ಬೇಸರಪಟ್ಟುಕೊಂಡವಳೇ ಅಲ್ಲ.

ಹೀಗೆ ಅವಳು ಬೆಳೆದದ್ದೆಲ್ಲ ಕಂಡವರ ಹಾಸಿಗೆಗಳ ಮೇಲೆ. ಹೊಸ ಮದುಮಕ್ಕಳ ಅಗಲವಾದ ಹಾಸಿಗೆಯಲ್ಲಿ ಮಲಗಿದಾಗ ಕನಸಿನ ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ನಗುತ್ತಿದ್ದರು. ಕೂಸಿನ ಪುಟ್ಟ ಹಾಸಿಗೆಗೆ ತಲೆಯನ್ನಷ್ಟೇ ಇಟ್ಟು ಮಲಗಿದಾಗ ಹಾಲಿನ ವಾಸನೆಯ ಮೋಡಗಳು ಬಂದವು. ಹಡಗಿನಲ್ಲಿ ದುಡಿದು ಬಂದ ಮುದುಕರೊಬ್ಬರ ಹಾಸಿಗೆಯಂತೂ ಬೆಳಗಿನವರೆಗೆ ಅವಳನ್ನು ತೂಗಿತು. ಎದ್ದು ನೋಡಿದರೆ ಕಿಟಕಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ತೇಲುತ್ತಿರುತ್ತಿದ್ದವು. ಕನಸು ಮುಗಿಯಿತೋ ಇನ್ನೂ ನಡೆದಿದೆಯೋ ಎಂದು ಅವಳಿಗೆ ಕೊಂಚ ಹೊತ್ತು ತಿಳಿಯುತ್ತಲೇ ಇರಲಿಲ್ಲ. ತನ್ನದು ಅಂತ ಒಂದು ಹಾಸಿಗೆ ಮಾತ್ರ ಅವಳಿಗೆ ಇರಲಿಲ್ಲ.

ದೂರದ ಕಾಲೇಜಿನಲ್ಲಿ ಅವಳಿಗೆ ಸಸ್ಯಶಾಸ್ತ್ರಕ್ಕೆ ಸೀಟು ಸಿಕ್ಕಿತು. ಹತ್ತಿಯ ರಾಶಿಯಲ್ಲಿ ಬಿದ್ದು ಹೊರಳಾಡಿದವಳು ಹತ್ತಿಯ ಗಿಡವನ್ನು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಹೋಗಲೇಬೇಕು ಎಂಬ ಆಸೆ ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಹಾಸ್ಟೆಲಿನವರು ಮಂಚ ಕೊಡುತ್ತಾರೆ, ಹಾಸಿಗೆ ನಾವೇ ಒಯ್ಯಬೇಕು.

"ಹೋಗಮ್ಮ, ಬೇಡ ಅಂದೋರು ಯಾರು?" ಎಂದು ಅಪ್ಪ ಬಾಯಿಮಾತಿಗೆ ಹೇಳಿದ. ಹಾಸಿಗೆಗೆ ಮಾತ್ರ ಕೈ ಹಾಕಲಿಲ್ಲ. ಇವತ್ತು ಅರಳೆಯಲ್ಲಿ ತೇವ, ನಾಳೆ ಗಿರಾಕಿಗೆ ಅವಸರ. ಹಾಸಿಗೆಯಿಲ್ಲದೆ ಮಗಳನ್ನು ಕಳಿಸಿದರೆ ಹಾಸಿಗೆಯವನ ಮರ್ಯಾದೆ ಏನಾಗಬೇಕು ಎಂಬ ನೆಪ ಬೇರೆ. "ಆಗದಿದ್ರೆ ಮುಂದಿನ ವರ್ಷ ಹೋದ್ರಾಯ್ತು. ಕಾಲೇಜೇನು ಓಡಿಹೋಗುತ್ತಾ?" ಎಂದುಬಿಟ್ಟ.

ಗವಸು ಹೊಲಿಯುತ್ತಿದ್ದ ಅಮ್ಮ ಮಿಷನ್ನು ನಿಲ್ಲಿಸಿದಳು. "ಊರಿಗೆಲ್ಲ ಹೊಲೀತೀರಿ, ಹೆತ್ತ ಮಗಳಿಗೆ ಹೊಲಿಯೋಕೆ ಕೈ ಬರಲ್ವಾ?"

ಅಪ್ಪ ಮುಖ ಊದಿಸಿಕೊಂಡು ದಬ್ಬಣ ಹುಡುಕಲು ಎದ್ದ.

ಅಳತೆ ಟೇಪು ಮುಟ್ಟಿದವನಲ್ಲ ಅವನು. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಕಣ್ಣಲ್ಲೇ ಅಳೆದು ಮುಗಿಸುತ್ತಿದ್ದ. ಮಂಚದ ಉದ್ದ ಕೇಳಿ ತಿಳಿಯೋಣವೇ ಎಂದ ಮಗಳನ್ನು, "ಮಲಗೋದು ಮಂಚಾನಾ, ನೀನಾ?" ಎಂದು ಗದರಿ ಸುಮ್ಮನಾಗಿಸಿದ. ಅಂಗಡಿಯಲ್ಲಿದ್ದ ಅತಿ ಮೆತ್ತನೆಯ ಅರಳೆ ತೆಗೆದ, ತಿಳಿನೀಲಿ ಗವಸು ಹಾಕಿದ. ಹೊರಡಲು ಇನ್ನೂ ಎರಡು ರಾತ್ರಿ ಇರುವಾಗಲೇ ಹಾಸಿಗೆ ಮುಗಿಯಿತಲ್ಲ ಎಂದು ಅಮ್ಮ ಕೂಡ ನೆಮ್ಮದಿಯಾದಳು.

ಅಂಥ ಹಿತವಾದ ಹಾಸಿಗೆಯ ಮೇಲೆ ಅವಳು ಯಾವತ್ತೂ ಮಲಗಿರಲಿಲ್ಲ. ಕನಸಿನಲ್ಲಿ ಕಾಯಿ ಒಡೆದು ಬೆಳ್ಳಗಾದ ಹತ್ತಿಯ ಬಯಲು. ಅದರೊಳಗೆ ನಡೆದೇ ನಡೆದಳು. ಯಾಕೋ ಪಾದಗಳು ಮಾತ್ರ ತಣ್ಣಗಿದ್ದವು. ಬೆಳಿಗ್ಗೆ ಕಣ್ಣು ಬಿಟ್ಟರೆ ಮೀನಖಂಡದಿಂದ ಕೆಳಗೆ ಕಾಲೆಲ್ಲ ಹಾಸಿಗೆ ದಾಟಿ ಬರಿ ನೆಲದ ಮೇಲಿತ್ತು. ಹೆಜ್ಜೆಯ ಸದ್ದಾಯಿತು. ಅವಳು ಸರಕ್ಕನೆ ಕಾಲು ಮಡಿಚಿಕೊಂಡಳು.

"ಗಂಟೇನಾದ್ರೂ ಇದೆಯಾ?" ಬಾಗಿಲಲ್ಲಿ ಅಪ್ಪ ನಿಂತಿದ್ದ.

ಸರಿಯಾಗಿದೆ ಎಂದರೆ ನಾಳೆ ಹೊರಡಬಹುದು, ವರ್ಷವಿಡೀ ಮುದುಡಿ ಮಲಗಿದರಾಯಿತು. ಇಲ್ಲ ಎಂದರೆ ಮುಂದಿನ ವರ್ಷದ ಮಾತು ಮತ್ತೆ ಎದ್ದು ಕೂರುತ್ತದೆ. ಆದರೆ ಹಾಸಿಗೆಯ ವಿಷಯದಲ್ಲಿ ಅವಳು ಅಪ್ಪನಿಗೆ ಈವರೆಗೆ ಸುಳ್ಳು ಹೇಳಿದವಳಲ್ಲ.

"ಗಂಟಿಲ್ಲ ಅಪ್ಪಾ. ಚಿಕ್ಕದಾಗಿದೆ." ಅವಳು ಕಾಲು ನೀಡಿದಳು. "ಹಾಸಿಗೆ ಇಲ್ದಿದ್ರೂ ನಾನು ಹೋಗ್ತೀನಿ. ಆದ್ರೆ ನೀನು ಹೊಲಿದಿದ್ದರ ಮೇಲೆ ಮಲಗೋ ಆಸೆ."

ಅಪ್ಪ ಆ ಕಾಲುಗಳನ್ನೇ ನೋಡುತ್ತ ಅಲ್ಲೇ ಕುಕ್ಕರಿಸಿದ. ಜನ್ಮದಲ್ಲಿ ತಪ್ಪದ ಕಣ್ಣಳತೆ ತಪ್ಪಿತ್ತು. "ಇದು ಆರನೇ ಕ್ಲಾಸಿನವಳ ಹಾಸಿಗೆ ಆಯ್ತಲ್ಲೇ," ಎಂದ. ಅಮ್ಮ ಮಿಷನ್ನಿನ ಮೇಲಿದ್ದ ಟೇಪು ತಂದುಕೊಟ್ಟಳು. ಅವನು ಅದನ್ನು ತಿರುವುಮುರುವಾಗಿ ಹಿಡಿದು, ಮಲಗಿದ್ದ ಮಗಳನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದ.

"ಯಾವಾಗ ಇಷ್ಟುದ್ದ ಆದೆ?"

"ನಿನ್ನ ಗಿರಾಕಿಗಳ ಹಾಸಿಗೆ ಮೇಲೆ ಮಲಗಿದ್ದಾಗಲೇ ಆಗಿದ್ದು, ಅಪ್ಪಾ."

ಅವನು ಕಣ್ಣೊರೆಸಿಕೊಂಡ, ಕಾಲಕಡೆಯ ಹೊಲಿಗೆ ಬಿಚ್ಚಿದ. ದಿನವೆಲ್ಲ ಬೇರೆ ಕೆಲಸ ಮುಟ್ಟಲಿಲ್ಲ. ಗಿರಾಕಿಗಳು ಬಂದು ಬಂದು ಹಿಂತಿರುಗಿದರು.

ಸಂಜೆ ಅವಳು ಮತ್ತೆ ಮಲಗಿ ನೋಡಿದಳು. ಹಿಮ್ಮಡಿಯ ಆಚೆಗೂ ಒಂದು ಗೇಣು ಹಾಸಿಗೆ ಮಿಕ್ಕಿತ್ತು.

"ಜಾಸ್ತಿ ಆಯ್ತಲ್ಲಪ್ಪಾ. ನಾನಿನ್ನೇನು ಬೆಳೆಯಲ್ಲ."

ಅಪ್ಪ ಹಲ್ಲಿನಿಂದ ದಾರ ಕಡಿದ. "ಹಾಗೆ ಅಂದ್ಕೊಂಡೇ ಕಣೇ ನಾನು ಕೆಟ್ಟಿದ್ದು," ಎಂದ. "ಇರ್ಲಿ ಬಿಡು. ಬೆಳಿ."