ನರಸೀಪುರದ ಕಡೆಗೆ ಒಬ್ಬಳು

ನಂಜನಗೂಡಿನಿಂದ ನರಸೀಪುರಕ್ಕೆ ರೈಲು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರ ಆ ದಾರಿಯಲ್ಲಿ ಓಡಾಡುವವರನ್ನು ಎಣಿಸುತ್ತಿತ್ತು. ಓವರ್ಸಿಯರಾಗಿದ್ದ ಅಪ್ಪನಿಗೆ ಜ್ವರ ಬಂದದ್ದರಿಂದ ಹೆಡತಲೆ ಊರಿನ ಹತ್ತಿರದ ಮರದಡಿ ಅವರ ಬದಲು ನಾನು ಕೂತೆ. ಮುಖ ನೋಡಲು ನಾಚಿಕೆ. ಚಕ್ರ, ಪಾದ ನೋಡಿಯೇ ಗೀಟು ಎಳೆಯುತ್ತಿದ್ದೆ.

ಒಂದು ಜೊತೆ ಪಾದ ನಿಂತೇಬಿಟ್ಟವು. ಹುಲ್ಲಿನ ಹೊರೆ ಹೊತ್ತ ಹೆಂಗಸು.

"ನನ್ನೂವೆ ಬರ್ಕಳಿ, ಅಮ್ಮಣ್ಣಿ. ನರಸೀಪುರ ನನ್ನ ತವರು."

"ಹೋಗ್ತಿದ್ದೀರಾ?"

"ಕರೆಯೋಕೆ ಯಾರೂ ಬರ್ದೆ ಎಂಗೋಗ್ಲಿ? ಅಣ್ಣ ಬಂದು ಮೂರು ವರ್ಸ ಆಯ್ತು. ಗಾಡೀಲಿ ದೂರ ಅಂತಾನೆ. ರೈಲಾದ್ರೆ ಬತ್ತಾನೆ."

"ಹೋಗೋವರನ್ನ ಮಾತ್ರ ಬರೀಬೇಕಂತೆ," ಎಂದೆ ಮೆಲ್ಲಗೆ.

"ಓಗೋರು ಎಂಗೂ ಓಯ್ತಾವ್ರಲ್ಲ. ರೈಲು ಬೇಕಾಗಿರೋದು ಓಗಕ್ಕಾಗ್ದೆ ಇರೋರ್ಗೆ ಕಣವ್ವ."

ಹೊರೆ ಇಳಿಸಿ, ಮರ ದಾಟಿ, ನರಸೀಪುರದ ಕಡೆಗೆ ಹತ್ತು ಹೆಜ್ಜೆ ನಡೆದಳು. ಅಲ್ಲೇ ನಿಂತು ಬಹಳ ಹೊತ್ತು ದಾರಿ ನೋಡಿದಳು. ನಾನು ಗೀಟು ಎಳೆದೆ.

ತಿರುಗಿ ಬಂದವರಿಗೂ ಒಂದು ಗೀಟು ಹಾಕಬೇಕೆಂಬುದು ನಿಯಮ. ಆದರೆ ಅವಳು ಬಂದಾಗ ಹೊರೆ ಎತ್ತಲು ಕೈಜೋಡಿಸಿದವಳು ನಾನೇ. ಪೆನ್ಸಿಲ್ ಹಿಡಿಯಲು ಕೈಗೆ ಬಿಡುವಿರಲಿಲ್ಲ. ಸರ್ಕಾರದ ಕಡತದಲ್ಲಿ ಆಕೆ ತವರಿಗೆ ಹೋದವಳು ಇನ್ನೂ ವಾಪಸು ಬಂದಿಲ್ಲ.