ವಿಮಾನದ ಹುಡುಗಿಯ ತಿದ್ದಿದ ಬಾಲ್ಯ

ಅಮೆರಿಕದ ಏಪೆಕ್ಸ್ ಊರಿನಲ್ಲಿರುವ ಮಗಳ ಮನೆಗೆ ಬಂದಾಗಲೆಲ್ಲ ನನಗೊಂದು ಕೆಲಸ ಕಾದಿರುತ್ತದೆ. ಮೂರನೇ ಕ್ಲಾಸಿನ ಮೊಮ್ಮಗಳು ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಓದುವಾಗ ಪಕ್ಕದಲ್ಲಿ ಕೂತು ಕೇಳುವುದು. ಎಲ್ಲವೂ ಅಮೆರಿಕದ ಮಹನೀಯರ ಬಾಲ್ಯದ ಕಥೆಗಳು. ಈ ದೇಶದಲ್ಲಿ ದೊಡ್ಡವರಾದವರೆಲ್ಲ ಮರದ ದಿಮ್ಮಿಯ ಗುಡಿಸಲಿನಲ್ಲೇ ಹುಟ್ಟಿ, ಒಲೆಯ ಬೆಳಕಿನಲ್ಲೇ ಓದಿ, ತೊಟ್ಟಿಲಿನಿಂದಲೇ ಸತ್ಯ ನುಡಿದವರು. ಒಬ್ಬರಿಗಾದರೂ ಮೂಗು ಸುರಿದ ದಾಖಲೆಯಿಲ್ಲ. ಮಗಳಿಗೆ ಇವು ಬಲು ಇಷ್ಟ. ಎಸಿ ಹಾಕಿಕೊಂಡು ಸೋಫಾದಲ್ಲಿ ಒರಗಿ, "ನೋಡು ಪುಟ್ಟಿ, ಎಷ್ಟು ಕಷ್ಟಪಟ್ಟು ಓದಿದ್ರು" ಎನ್ನುತ್ತಾಳೆ.

ಪುಟ್ಟಿಗೆ ಹಿಡಿಸಿದ್ದು ಒಂದೇ ಪುಸ್ತಕ. ಮುಂದೆ ವಿಮಾನ ಹಾರಿಸಿದ ಹೆಂಗಸೊಬ್ಬಳು ಚಿಕ್ಕಂದಿನಲ್ಲಿ ಛತ್ರಿ ಹಿಡಿದು ಶೆಡ್ಡಿನ ಮೇಲಿಂದ ಹಾರಿ, ಫ್ರಾಕು ಹರಿದುಕೊಂಡ ಕಥೆ. ಆ ಪುಟ ಬಂದಾಗಲೆಲ್ಲ ನೆಲದ ಮೇಲೆ ಬಿದ್ದು ನಗುತ್ತಿದ್ದಳು.

ಅಷ್ಟರಲ್ಲಿ ಶಾಲೆಯಲ್ಲಿ ಮೇಣದ ಮ್ಯೂಸಿಯಂ ಬಂತು. ಮಕ್ಕಳು ಮಹನೀಯರ ವೇಷ ಹಾಕಿ ಬೊಂಬೆಯಂತೆ ನಿಲ್ಲಬೇಕು. ನೋಡಲು ಬಂದವರು ಮುಂದಿಟ್ಟ ಕಾಗದದ ಗುಂಡಿ ಒತ್ತಿದರೆ ತಮ್ಮ ಬಾಲ್ಯದ ಕಥೆ ಹೇಳಬೇಕು. ಮೊಮ್ಮಗಳು ಛತ್ರಿಯ ಕಥೆಯನ್ನು ತಾನೇ ಕೂತು ಬರೆದಳು.

ಮಗಳು ಓದಿ ಹೌಹಾರಿದಳು. "ರೂಫ್ ಮೇಲಿಂದ ಹಾರಿದ್ದೆಲ್ಲ ಯಾಕೆ? ಟೀಚರ್ ಏನ್ ಅಂದ್ಕೋತಾರೆ?" ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅಳಿಯನ ಉದ್ಯೋಗ, ಸತ್ತವರ ಬಾಲ್ಯದಲ್ಲಿ ಹುಡುಕುವುದೇನು ಮಹಾ? ಶೆಡ್ಡು ತೆಗೆದ. ಛತ್ರಿ ತೆಗೆದ. ಗಣಿತದಲ್ಲಿ ಅಪಾರ ಆಸಕ್ತಿ ಸೇರಿಸಿ, ಎಐಗೆ ಕೊಟ್ಟು ಪಾಲಿಶ್ ಮಾಡಿಸಿದ. ಆ ಹೆಂಗಸು ಬದುಕಿದ್ದರೆ, ತಾನು ಇಷ್ಟೊಂದು ಒಳ್ಳೆಯ ಹುಡುಗಿಯಾಗಿದ್ದೆನೇ ಎಂದು ಬೆರಗಾಗುತ್ತಿದ್ದಳು.

"ಬಟ್ ದಟ್ಸ್ ದ ಬೆಸ್ಟ್ ಪಾರ್ಟ್!" ಎಂದು ಮಗು ಅತ್ತಿತು. ಅವಳು ಬರೆದದ್ದೇ ಇರಲಿ ಎಂದು ಬಾಯಿ ಹಾಕಿದೆ.

"ಅಮ್ಮ, ಇಲ್ಲಿ ಹಾಗೆಲ್ಲ ನಡೆಯಲ್ಲ. ನಿಂಗೆ ಗೊತ್ತಾಗಲ್ಲ" ಎಂದಳು ಮಗಳು. ಮೂವತ್ತು ವರ್ಷ ಮೈಸೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿದವಳಿಗೆ ಮಕ್ಕಳ ವಿಷಯ ಹೇಗೆ ಗೊತ್ತಾಗಬೇಕು?

ಮ್ಯೂಸಿಯಂ ದಿನ ಪೈಲಟ್ಟಿನ ಕಂದು ಜಾಕೆಟ್ ತೊಟ್ಟು ನಿಂತ ಮೊಮ್ಮಗಳು, ಗುಂಡಿ ಒತ್ತಿದವರಿಗೆಲ್ಲ ಗಣಿತದ ಆಸಕ್ತಿಯನ್ನು ಗಿಣಿಪಾಠದಂತೆ ಒಪ್ಪಿಸಿದಳು. ಎಲ್ಲೂ ತಡವರಿಸಲಿಲ್ಲ. ಜನ ಚಪ್ಪಾಳೆ ತಟ್ಟಿ ಪಕ್ಕದಲ್ಲಿ ಅಧ್ಯಕ್ಷರ ವೇಷ ಹಾಕಿದ್ದ ಹುಡುಗನ ಕಡೆ ನಡೆದರು. ಅಳಿಯ ಹಿಗ್ಗಿ ಹೀರೇಕಾಯಿಯಾದ. ಮಗುವಿನ ಮುಖದಲ್ಲಿ ಮಾತ್ರ ಜೀವವೇ ಇರಲಿಲ್ಲ.

ಕೊನೆಗೆ ನಾನು ಒತ್ತಿದೆ. ನನ್ನ ಹಿಂದೆ ಮಗಳು ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದಳು. ಮೊಮ್ಮಗಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅಪ್ಪ ತಿದ್ದಿದ್ದು ಇಂಗ್ಲಿಷನ್ನು ಮಾತ್ರ. ಭಾನುವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋದರೂ ಬಾಯಿ ಬಿಡದವಳು, ಕನ್ನಡದಲ್ಲಿ ಶುರು ಮಾಡಿದಳು.

"ನಾನು ಚಿಕ್ಕದು ಇದ್ದೆ. ಅಂಬ್ರೆಲಾ ತಗೊಂಡು ರೂಫ್ ಮೇಲೆ ಹೋದೆ. ಜಂಪ್ ಮಾಡಿದೆ. ಫ್ರಾಕ್ ಹರಿದೋಯ್ತು. ತುಂಬಾ ಖುಷಿ ಆಯ್ತು."

ಮಗಳ ಫೋನ್ ನಿಧಾನವಾಗಿ ಕೆಳಗಿಳಿಯಿತು. ಇನ್ನೇನು ಬೈಗುಳ ಬಂತು ಎಂದು ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಸಿದ್ಧಳಾದೆ.

"ಬಿದ್ದಾಗ ನೋವಾಗ್ಲಿಲ್ವಾ?" ಎಂದು ಕೇಳಿದಳು ಮಗಳು.

"ಆಯ್ತು" ಎಂದಳು ಮೊಮ್ಮಗಳು. "ಆಮೇಲೆ ಮತ್ತೆ ಮೇಲೆ ಹೋದೆ."