ಮಾರಿ ಕಾಣುವಂಥ ಹೊಳಪು

ಸಾವಿರದ ಒಂಬೈನೂರಾ ಅರವತ್ತರ ಆಸುಪಾಸಿನ ಮಾತು. ನನ್ನ ಅಣ್ಣ ಸೈನ್ಯ ಸೇರಿ ವಿಮಾನ ರಿಪೇರಿ ಕಲಿತಿದ್ದ. ಆ ಹೆಮ್ಮೆಗೆ ಅಪ್ಪ ಸಾಗವಾನಿ ತುಂಡಿನಲ್ಲಿ ಮೊಳದುದ್ದದ ವಿಮಾನ ಕೆತ್ತಿ ಬೆಳ್ಳಿ ಬಣ್ಣ ಹೊಡೆದಿದ್ದ. ದಾಂಡೇಲಿಯ ಕಾಗದ ಗಿರಣಿಯಲ್ಲಿ ಪೈಪುಗಳಿಗೆ ಬಣ್ಣ ಹಚ್ಚುವುದೇ ಅಪ್ಪನ ಕೆಲಸ. ರಜೆಗೆ ಬಂದ ಅಣ್ಣ ವಿಮಾನ ನೋಡಿ ನಕ್ಕುಬಿಟ್ಟ.

"ಅಪ್ಪಾ, ಇದು ಗಿರಣಿ ಪೈಪಿಗೆ ರೆಕ್ಕಿ ಹಚ್ಚಿದಂಗ ಐತಿ. ಖರೇ ವಿಮಾನದಾಗ ನಮ್ಮ ಮಾರಿ ಕಾಣ್ತೈತಿ."

ಮನೆಮಂದಿಯೆಲ್ಲ ನಕ್ಕೆವು, ಅಪ್ಪನೊಬ್ಬ ನಗಲಿಲ್ಲ. ದೀಪಾವಳಿಗೆ ಮತ್ತೆ ಬರುತ್ತೇನೆಂದು ಅಣ್ಣ ಹೊರಟುಹೋದ. ಅಷ್ಟರೊಳಗೆ ಆ ವಿಮಾನದಲ್ಲೇ, ಕನ್ನಡಿಯಲ್ಲಿ ಕಂಡಂತೆ, ಅವನ ಮಾರಿ ಅವನಿಗೆ ತೋರಿಸಬೇಕೆಂದು ಅಪ್ಪ ಹಟ ಹಿಡಿದ.

ಅಂಥಿಂಥ ಹಟವಲ್ಲ. ಹಳೇ ಬಣ್ಣ ಪೂರ್ತಿ ಕೆರೆದ. ಕಟ್ಟಿಗೆಯ ಗೆರೆಗಳು ಎಷ್ಟು ಬಳಿದರೂ ಮೇಲೆದ್ದು ಕಾಣುತ್ತವೆ. ಸೀಮೆಸುಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಕಲಸಿ ಅವನ್ನು ಮುಚ್ಚಿ, ಪಾಲಿಶ್ ಪೇಪರಿನಿಂದ ಉಜ್ಜಿದ. ಅದರ ಮೇಲೆ ಕರೀ ಬಣ್ಣ. ಬೆಳ್ಳಿ ಹೊಳೆಯಬೇಕಾದರೆ ಕೆಳಗಿನ ಕಪ್ಪು ಹೊಳೆಯಬೇಕಂತೆ. ಅದು ಇನ್ನೂ ಕೊಂಚ ಅಂಟಂಟಾಗಿರುವಾಗ ಅಲ್ಯುಮಿನಿಯಂ ಪುಡಿಯನ್ನು ಅವ್ವನ ಹಳೇ ಸೀರೆಯ ತುಂಡಿನಿಂದ ಮೆಲ್ಲಗೆ ತಿಕ್ಕುತ್ತಿದ್ದ. ಆದರೆ ದಾಂಡೇಲಿಯ ಮಳೆಗಾಲದಲ್ಲಿ ಬಣ್ಣ ಒಣಗಬೇಕಲ್ಲ! ಹೊಳಪು ಮಂಕಾಗುತ್ತಿತ್ತು, ಅಪ್ಪ ಮತ್ತೆ ಕೆರೆಯುತ್ತಿದ್ದ. ಧೂಳು ಕೂಡುತ್ತದೆಂದು ನಾನು ಕಸ ಗುಡಿಸಿದರೂ ಬೈಗುಳ. ನನಗಂತೂ ಸಾಕುಸಾಕಾಗಿತ್ತು.

ಮಳೆ ನಿಂತ ಮೇಲೆ ಒಮ್ಮೆ ಬಣ್ಣ ಚೆಂದ ಕೂತಿತು. ಪೂರ್ತಿ ಒಣಗುವ ಮೊದಲೇ ದಸರೆಯ ಖಂಡೇಪೂಜೆ ಬಂತು. ಅಪ್ಪನ ಬ್ರಷ್ಷು, ಅಡುಗೆಮನೆಯ ಈಳಿಗೆ, ನನ್ನ ಹೊಲಿಗೆ ಕತ್ತರಿ ಎಲ್ಲಕ್ಕೂ ವಿಭೂತಿ ಹಚ್ಚುತ್ತ ಬಂದ ಅವ್ವ ವಿಮಾನದ ಮೇಲೂ ಮೂರು ಒದ್ದೆ ಬೆರಳು ಎಳೆದಳು. ಮಗನಿಗೆ ಅನ್ನ ಕೊಡುವುದೇ ವಿಮಾನ, ಅದಕ್ಕೆ ಹಚ್ಚದೆ ಬಿಡುವುದು ಹೇಗೆ ಎಂದು ಅವಳ ವಾದ. ಬೂದಿ ಹಸಿ ಬಣ್ಣಕ್ಕೆ ಕಚ್ಚಿಕೊಂಡಿತು. ಅಪ್ಪನ ಸಿಟ್ಟು ನೆತ್ತಿಗೇರಿತು. ಹಬ್ಬದ ದಿನವೆಂದೂ ನೋಡದೆ ಬಾಯಿಗೆ ಬಂದಂತೆ ಬೈದ. ಮರುದಿನವೇ ಆ ಮೂರೂ ಗೆರೆ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಿದ.

ದೀಪಾವಳಿ ಹತ್ತಿರ ಬರುವ ಹೊತ್ತಿಗೆ ವಿಮಾನ ಖರೇನೇ ಕನ್ನಡಿಯಾಗಿತ್ತು. ನನ್ನ ಮೂಗುಬೊಟ್ಟು ಅದರಲ್ಲಿ ಕಂಡಿತು. ಎಷ್ಟೋ ತಿಂಗಳ ಮೇಲೆ ಅಪ್ಪ ನಕ್ಕ. ಅದೇ ವಾರ ತಂತಿ ಬಂತು. ಬೆಟ್ಟದ ದಾರಿಯಲ್ಲಿ ಜೀಪು ಉರುಳಿ ಅಣ್ಣ ತೀರಿಕೊಂಡಿದ್ದ.

ಅವ್ವ ಎದೆ ಬಡಿದುಕೊಂಡು ಅಳಲಿಲ್ಲ. ಮಾತಾಡಿಸಲು ಬಂದವರೆಲ್ಲ ಹೋದ ಮೇಲೆ ಅಪ್ಪನಿಗೆ ಒಂದೇ ಮಾತು ಅಂದಳು.

"ನಾ ಹಚ್ಚಿದ್ದನ್ನ ನೀವ ಅಳಿಸಿದ್ರಿ."

ಅಳಿಸಿದ ವಿಭೂತಿಗೂ ಉರುಳಿದ ಜೀಪಿಗೂ ಏನು ಸಂಬಂಧ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿ ಏನು ಉಪಯೋಗ? ಅಪ್ಪನೂ ಅದನ್ನೇ ನಂಬಿಬಿಟ್ಟಿದ್ದ.

ಅವನು ಎದ್ದು ವಿಭೂತಿಯನ್ನು ನೀರಿನಲ್ಲಿ ಕಲಸಿ ತನ್ನ ಮೂರು ಬೆರಳಿನಿಂದ ವಿಮಾನದ ಮೇಲೆ ಎಳೆದ. ಹಸಿಯಿರುವವರೆಗೆ ನಿಂತಿತು. ಒಣಗಿದ ಕೂಡಲೇ ಪುಡಿಪುಡಿಯಾಗಿ ಜಾರಿತು, ಅಷ್ಟು ನುಣುಪು ಮಾಡಿಟ್ಟಿದ್ದ. ಮತ್ತೆ ಹಚ್ಚಿದ. ಮತ್ತೆ ಉದುರಿತು. ಅಳುತ್ತಿದ್ದ ಅವನ ಮಾರಿ ವಿಮಾನದಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು.